ಗುರುತು ತಪ್ಪಿ ನಿಲ್ಲುವ ಕನ್ವೇಯರ್: ದೋಷ ಹುಡುಕುವುದು ಹೇಗೆ?

ಸದಲಗಾ: ದೂಧಗಂಗಾ ನದಿ ದಂಡೆಯ ಸದಲಗಾ ಪರಿಸರದಲ್ಲಿ ಕಬ್ಬೇ ಪ್ರಧಾನ ಬೆಳೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಸೇರಿದಂತೆ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಭಾಗದ ಆರ್ಥಿಕತೆ ಸಕ್ಕರೆ ಕಾರ್ಖಾನೆಗಳನ್ನು ನೆಚ್ಚಿಕೊಂಡಿದೆ. ಹಂಗಾಮಿನಲ್ಲಿ ಹಗಲಿರುಳು ನಡೆಯುವ ಇಂಥ ಉದ್ಯಮದಲ್ಲಿ ಕಬ್ಬಿನಿಂದ ಹಿಡಿದು 50 ಕಿಲೋ ಸಕ್ಕರೆ ಮೂಟೆಯವರೆಗೆ ಎಲ್ಲವನ್ನೂ ಸಾಗಿಸುವುದು ಕನ್ವೇಯರ್.

ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಮೂಟೆ ಪ್ರತಿ ಸಲವೂ ನಿಗದಿತ ಗುರುತಿನಲ್ಲೇ ನಿಲ್ಲಬೇಕು. ಒಮ್ಮೆ ಮುಂದೆ, ಒಮ್ಮೆ ಹಿಂದೆ ನಿಂತರೆ ಎತ್ತುವ ಯಂತ್ರ ಮೂಟೆಯ ಅಂಚನ್ನು ಹಿಡಿದು ಚೀಲ ಹರಿಯುತ್ತದೆ. ಅದಕ್ಕಿಂತ ಗಂಭೀರವಾದುದು, ಸರಿಪಡಿಸಲು ಕಾರ್ಮಿಕ ಚಲಿಸುವ ಬೆಲ್ಟಿಗೆ ಕೈ ಹಾಕುವ ಅಪಾಯ. ಸಿಮೆಂಟ್, ಬಿಸ್ಕತ್ತು, ಔಷಧ ಕಾರ್ಖಾನೆಗಳಿಗೂ ಈ ತೊಂದರೆ ಹೊಸದಲ್ಲ.

ಅಂತರ ಹುಟ್ಟುವುದೆಲ್ಲಿ?

ಮೂಟೆ ಬಂದುದನ್ನು ಸೆನ್ಸರ್ ಗುರುತಿಸುತ್ತದೆ. ನಿಯಂತ್ರಣ ಗಣಕವಾದ ಪಿಎಲ್‌ಸಿ ಆ ಸಂಕೇತವನ್ನು ಓದಿ ಆಜ್ಞೆ ನೀಡುತ್ತದೆ. ಬಳಿಕ ಮೋಟಾರು ವೇಗ ತಗ್ಗಿಸಿ ಬೆಲ್ಟನ್ನು ನಿಲ್ಲಿಸುತ್ತದೆ. ಈ ಮೂರೂ ಹಂತಗಳಲ್ಲಿ ವ್ಯತ್ಯಾಸ ಸಾಧ್ಯ.

ಬೆಲ್ಟ್ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿದೆ ಎನ್ನೋಣ. ಪಿಎಲ್‌ಸಿ ತನ್ನ ಕಾರ್ಯಸುತ್ತನ್ನು 20 ಮಿಲಿಸೆಕೆಂಡಿಗೆ ಒಮ್ಮೆ ಮುಗಿಸುವುದಾದರೆ, ಅಷ್ಟರಿಂದಲೇ ನಿಲುಗಡೆ 10 ಮಿಲಿಮೀಟರ್‌ವರೆಗೆ ಏರುಪೇರಾಗಬಹುದು. ಸಮಪ್ರಮಾಣದಲ್ಲಿ ವೇಗ ಕುಗ್ಗಿ ಅರ್ಧ ಸೆಕೆಂಡಿನಲ್ಲಿ ನಿಂತರೆ ಬೆಲ್ಟ್ 12.5 ಸೆಂಟಿಮೀಟರ್ ಜಾರುತ್ತದೆ. ಭಾರ ಹೆಚ್ಚಿ 0.6 ಸೆಕೆಂಡ್ ಹಿಡಿದರೆ 15 ಸೆಂಟಿಮೀಟರ್. ಇದರೊಂದಿಗೆ ಸೆನ್ಸರ್ ಗಾಜಿನ ಮೇಲೆ ಕುಳಿತ ಸಕ್ಕರೆ ಧೂಳು, ಓರೆಯಾದ ಚೀಲ, ಸಡಿಲ ಬೆಲ್ಟ್, ಸವೆದ ಬ್ರೇಕ್ ಕೂಡ ಸೇರಿಕೊಳ್ಳಬಹುದು.

ಮೊದಲು ಅಳತೆ, ಬಳಿಕ ದುರಸ್ತಿ

ಗುರುತು ತಪ್ಪಿದೊಡನೆ ಟೈಮರ್ ತಿರುಗಿಸುವುದು ಸಾಮಾನ್ಯ ಅಭ್ಯಾಸ. ಆದರೆ ಏರುಪೇರಿಗೆ ಟೈಮರ್ ಮದ್ದಲ್ಲ. ಅದು ನಿಲ್ಲುವ ಜಾಗವನ್ನಷ್ಟೇ ಬದಲಿಸುತ್ತದೆ. ಖಾಲಿ ಬೆಲ್ಟಿನಲ್ಲಿ 20 ಬಾರಿ, ಭಾರವಿಟ್ಟು 20 ಬಾರಿ ನಿಲ್ಲಿಸಿ ಅಂತರವನ್ನು ಬರೆದಿಡಬೇಕು. ಆ ಪಟ್ಟಿಯೇ ದೋಷದ ಜಾಡು ತೋರಿಸುತ್ತದೆ.

ಭಾರದೊಂದಿಗೆ ಅಂತರ ಬದಲಾದರೆ ಬ್ರೇಕ್ ಅಥವಾ ಮೋಟಾರಿನ ವೇಗ ನಿಯಂತ್ರಕವನ್ನು ಪರೀಕ್ಷಿಸಬೇಕು. ಭಾರವನ್ನು ಲೆಕ್ಕಿಸದೆ ಹಿಂದೆ ಮುಂದೆ ಚದುರಿದ್ದರೆ ಸೆನ್ಸರ್ ಇಲ್ಲವೇ ಪಿಎಲ್‌ಸಿ ವಿಳಂಬದತ್ತ ಗಮನ ಹರಿಸಬೇಕು. ದಿನ ಕಳೆದಂತೆ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಬ್ರೇಕ್ ಸವೆತ ಅಥವಾ ಬೆಲ್ಟ್ ಜಾರುವಿಕೆಯ ಶಂಕೆ ಬಲವಾಗುತ್ತದೆ. ಮೋಟಾರಿಗೆ ಜೋಡಿಸಿದ ಎನ್‌ಕೋಡರ್‌ಗೆ ಬೆಲ್ಟ್ ಜಾರಿದ್ದು ತಿಳಿಯದು. ಬೆಲ್ಟಿನೊಂದಿಗೇ ಉರುಳುವ ಚಾಲನಾರಹಿತ ರೋಲರ್‌ಗೆ ಜೋಡಿಸಿದರೆ ನಿಜವಾದ ಚಲನೆ ದಾಖಲಾಗುತ್ತದೆ.

ಎರಡು ವೇಗದ ಉಪಾಯ

ಸ್ವಚ್ಛತೆ ಮತ್ತು ಬಿಗಿತ ಸರಿಯಿದ್ದೂ ದೋಷ ಉಳಿದರೆ ಎರಡು ಸೆನ್ಸರ್‌ಗಳ ವಿಧಾನ ಉಪಯುಕ್ತ. ಮೊದಲನೆಯದು ವೇಗ ತಗ್ಗಿಸಲು, ಎರಡನೆಯದು ನಿಲ್ಲಿಸಲು. ವೇಗವನ್ನು ಐದನೇ ಒಂದು ಭಾಗಕ್ಕೆ ಇಳಿಸಿದರೆ, ಅದೇ ಬ್ರೇಕಿನ ಬಲದಲ್ಲಿ ಜಾರುವ ದೂರ ಇಪ್ಪತ್ತೈದನೇ ಒಂದು ಭಾಗಕ್ಕೆ, ಅಂದರೆ 12.5 ಸೆಂಟಿಮೀಟರ್‌ನಿಂದ 5 ಮಿಲಿಮೀಟರ್‌ಗೆ ಕುಗ್ಗುತ್ತದೆ. ಪಿಎಲ್‌ಸಿ ವಿಳಂಬದ ಏರುಪೇರೂ 10ರಿಂದ 2 ಮಿಲಿಮೀಟರ್‌ಗೆ ಇಳಿಯುತ್ತದೆ. ಪ್ರತಿ ಮೂಟೆಗೆ ತುಸು ಹೆಚ್ಚು ಸಮಯ ತಗಲುವುದು ಇದರ ಬೆಲೆ.

ಬೆಲ್ಟ್, ಬ್ರೇಕ್, ಸೆನ್ಸರ್ ಯಾವುದನ್ನು ಮುಟ್ಟುವ ಮುನ್ನವೂ ವಿದ್ಯುತ್ ಕಡಿತಗೊಳಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳಬೇಕು. ನಿಂತಂತೆ ಕಾಣುವ ಸ್ವಯಂಚಾಲಿತ ಬೆಲ್ಟ್ ಸೆನ್ಸರ್‌ನ ಒಂದು ಸಂಕೇತಕ್ಕೆ ಮತ್ತೆ ಓಡಬಲ್ಲದು.