ಕಲನಗಣಿತದ ಉದ್ಭವವೂ ‘ಯುಕ್ತಿಭಾಷೆ’ಯೂ

ಕಲನಗಣಿತವನ್ನು ಕಂಡುಹಿಡಿದವರಾರೆಂಬ ಪ್ರಶ್ನೆಗೆ ನ್ಯೂಟನ್, ಲೈಬ್ನಿಟ್ಸ್ ಎಂಬ ಎರಡು ಹೆಸರುಗಳನ್ನು ಹೇಳುವುದು ರೂಢಿ. ಸಮಸ್ತವೂ ಭಾರತೀಯರಿಗೆ ಮೊದಲೇ ವಿದಿತವಾಗಿದ್ದಿತೆನ್ನುವವರೂ ಉಂಟು. ಇವೆರಡರಲ್ಲಿ ಯಾವ ಪಕ್ಷವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಗ್ರಂಥಾಧಾರದಿಂದಲೇ ನಿರ್ಣಯಿಸತಕ್ಕದ್ದು.

ಈ ಶಾಸ್ತ್ರಕ್ಕೆ ಅಂಗಗಳೆರಡು. ಸದಾ ಬದಲಾಗುವ ರಾಶಿಯೊಂದರ ಆಯಾ ಕ್ಷಣದ ಗತಿಯನ್ನು ಕಾಣುವುದು ಅವಕಲನ. ಅತಿಸೂಕ್ಷ್ಮ ಖಂಡಗಳನ್ನು ಕೂಡಿಸಿ ಪೂರ್ಣವನ್ನು ಪಡೆಯುವುದು ಅನುಕಲನ.

ಮೊದಲನೆಯದರ ಬೀಜವು ಭಾಸ್ಕರಾಚಾರ್ಯನ ‘ಸಿದ್ಧಾಂತಶಿರೋಮಣಿ’ಯಲ್ಲಿ (ಶಕ 1072, ಕ್ರಿ. ಶ. 1150) ಸ್ಪಷ್ಟವಾಗಿದೆ. ಚಂದ್ರನ ಗತಿಯು ಒಂದು ದಿನದೊಳಗೇ ಬಹಳವಾಗಿ ವ್ಯತ್ಯಾಸಗೊಳ್ಳುವುದರಿಂದ, ಸಮೀಪದ ತಿಥ್ಯಂತವನ್ನು ಸಾಧಿಸಲು ದಿನಗತಿಯು ಸಾಲದು, ತಾತ್ಕಾಲಿಕ ಗತಿಯೇ ಬೇಕೆಂದು ಆತನು ವಿಧಿಸಿದನು. ಭುಜಜ್ಯೆಯ ವೃದ್ಧಿಯು ಕೋಟಿಜ್ಯೆಯನ್ನು ಅನುಸರಿಸುವುದೆಂಬ ತತ್ತ್ವವು ಇದಕ್ಕೆ ಆಧಾರವಾಯಿತು.

ಎರಡನೆಯದು ಕೇರಳದಲ್ಲಿ ವಿಸ್ತಾರಗೊಂಡಿತು. ಸಂಗಮಗ್ರಾಮದ ಮಾಧವನು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದವನು. ವ್ಯಾಸದ ನಾಲ್ಮಡಿಯನ್ನು 1, 3, 5, 7 ಮೊದಲಾದ ವಿಷಮಸಂಖ್ಯೆಗಳಿಂದ ಬೇರೆಬೇರೆಯಾಗಿ ಭಾಗಿಸಿ, ಲಬ್ಧಗಳನ್ನು ಕ್ರಮವಾಗಿ ಧನಋಣಗಳೆಂದು ಸೇರಿಸಿದರೆ ಪರಿಧಿಯು ಲಭಿಸುವುದೆಂಬ ಅನಂತಶ್ರೇಢಿಯು ಆತನದೆಂದು ಪರಂಪರೆಯು ಹೇಳುತ್ತದೆ. ವ್ಯಾಸವು 900000000000 ಆದರೆ ಪರಿಧಿಯು 2827433388233 ಎಂಬ ಮಾನವೂ ಆತನದೇ. ಇದು ಹನ್ನೊಂದು ದಶಮಾಂಶಸ್ಥಾನಗಳವರೆಗೆ ಸರಿಯಾಗಿದೆ.

ಮಾಧವನ ಸೂತ್ರಕ್ಕೆ ಉಪಪತ್ತಿಯನ್ನು ಕೊಟ್ಟುದು ಹದಿನಾರನೆಯ ಶತಮಾನದ ಜ್ಯೇಷ್ಠದೇವನ ‘ಯುಕ್ತಿಭಾಷೆ’. ವೃತ್ತವನ್ನು ಆವರಿಸಿದ ಚತುರಸ್ರದ ಭುಜಾರ್ಧವನ್ನು ಅತಿಸೂಕ್ಷ್ಮವಾದ ಸಮಭಾಗಗಳಾಗಿ ವಿಭಾಗಿಸಿ, ಕೇಂದ್ರದಿಂದ ಕರ್ಣಗಳನ್ನೆಳೆದು, ಪ್ರತಿಭಾಗಕ್ಕೆ ಸಲ್ಲುವ ಚಾಪಖಂಡವನ್ನು ತ್ರೈರಾಶಿಕದಿಂದ ಸಾಧಿಸಿ, ಎಲ್ಲವನ್ನೂ ಕೂಡಿಸುವುದು ಅಲ್ಲಿಯ ಕ್ರಮ. ಇದಕ್ಕೆ ಸಂಕಲಿತಗಳ ಜ್ಞಾನವು ಅಗತ್ಯ. ಒಂದರಿಂದ 10ರವರೆಗಿನ ಸಂಖ್ಯೆಗಳ ಮೊತ್ತ 55. ಹತ್ತರ ವರ್ಗದ ಅರ್ಧ 50. ಸಾವಿರದವರೆಗಿನ ಮೊತ್ತ 500500. ಸಾವಿರದ ವರ್ಗದ ಅರ್ಧ 500000. ಮೊದಲು ಹತ್ತರಲ್ಲೊಂದು ಪಾಲಾಗಿದ್ದ ಆಧಿಕ್ಯವು ಸಾವಿರದಲ್ಲೊಂದು ಪಾಲಿಗೆ ಇಳಿಯಿತು. ಖಂಡಗಳು ಸೂಕ್ಷ್ಮವಾದಷ್ಟೂ ಈ ಆಧಿಕ್ಯವು ಉಪೇಕ್ಷಣೀಯವಾಗುವುದು. ವರ್ಗಸಂಕಲಿತಕ್ಕೆ ಘನದ ತೃತೀಯಾಂಶ, ಘನಸಂಕಲಿತಕ್ಕೆ ವರ್ಗವರ್ಗದ ಚತುರ್ಥಾಂಶ, ಹೀಗೆಯೇ ಮುಂದೆ. ಅನುಕಲನದ ಹೃದಯವೇ ಇದು.

ಯೂರೋಪಿನಲ್ಲಿ ಇದೇ ಪರಿಧಿಶ್ರೇಢಿಯನ್ನು ಲೈಬ್ನಿಟ್ಸನು 1670ರ ದಶಕದಲ್ಲಿ ಕಂಡನು. ಕೇರಳದಿಂದ ಅಲ್ಲಿಗೆ ಅದು ಹೋಯಿತೆಂಬುದಕ್ಕೆ ನೇರವಾದ ಲಿಖಿತಸಾಕ್ಷ್ಯವು ಈವರೆಗೆ ದೊರೆತಿಲ್ಲ. ನ್ಯೂಟನನು 1665-66ರಲ್ಲಿಯೂ ಲೈಬ್ನಿಟ್ಸನು 1675ರ ಸುಮಾರಿಗೂ ಸಾಧಿಸಿದ ವಿಶೇಷವು ಬೇರೆ: ಅವಕಲನ, ಅನುಕಲನಗಳು ಪರಸ್ಪರ ವಿಲೋಮಕ್ರಿಯೆಗಳೆಂಬುದನ್ನು ಆಧಾರವಾಗಿಟ್ಟು, ಯಾವ ರಾಶಿಗಾದರೂ ಅನ್ವಯಿಸಬಲ್ಲ ಸಾಮಾನ್ಯ ವಿಧಾನವನ್ನು ಅವರು ನಿರ್ಮಿಸಿದರು. ಕೇರಳೀಯರ ಯುಕ್ತಿಯಾದರೋ ವೃತ್ತ, ಜ್ಯಾ, ಗೋಲಗಳ ಗಣಿತಕ್ಕೆ ಸೀಮಿತವಾಗಿತ್ತು. ಆದುದರಿಂದ ಶಾಸ್ತ್ರದ ಪೂರ್ಣರೂಪದ ಕೀರ್ತಿಯನ್ನು ಯೂರೋಪಿನವರಿಂದ ಕಸಿಯುವುದು ಸಲ್ಲದು; ಅನಂತಶ್ರೇಢಿಯ ಪ್ರಾಥಮ್ಯವನ್ನು ಮಾಧವನಿಗೆ ಕೊಡದಿರುವುದೂ ಸಲ್ಲದು.

ಸಾಹಿತ್ಯೋಪಾಸಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ‘ಯುಕ್ತಿಭಾಷೆ’ಯು ಸಂಸ್ಕೃತಪದ್ಯವಲ್ಲ, ಮಲಯಾಳದ ಗದ್ಯ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಚಾರ್ಲ್ಸ್ ವಿಷ್ 1830ರ ದಶಕದಲ್ಲಿಯೇ ಇದನ್ನು ವಿದ್ವಾಂಸರ ಗಮನಕ್ಕೆ ತಂದಿದ್ದರೂ, ಗಣಿತಭಾಗವು ತಿರುಚ್ಚೂರಿನಲ್ಲಿ ಅಚ್ಚಾದುದು 1948ರಲ್ಲಿ. ಸೂತ್ರವನ್ನು ಕಂಠಸ್ಥಗೊಳಿಸಲು ಶ್ಲೋಕವು ಸಾಕಾಗಿತ್ತು. ಅದು ಏಕೆ ಸತ್ಯವೆಂದು ಶಿಷ್ಯನಿಗೆ ಮನವರಿಕೆಯಾಗುವಂತೆ ಹೇಳುವ ಕಾರ್ಯಕ್ಕೆ ಜ್ಯೇಷ್ಠದೇವನು ದೇಶಭಾಷೆಯನ್ನು ಆರಿಸಿದನು. ದೇಶಭಾಷೆಗಳಿಗೆ ಶಾಸ್ತ್ರಭಾರವನ್ನು ಹೊರುವ ಶಕ್ತಿಯಿಲ್ಲವೆಂಬ ವಾದಕ್ಕೆ ಆ ಗ್ರಂಥವೇ ಸಮಾಧಾನ.