ಬಸುರಿಯ ಮುಖದ ಮೊಡವೆ



ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತಳಾದವಳೊಬ್ಬಳು ಮೊಡವೆಯ ವಿಷಯವಾಗಿ ಮಾತನಾಡುತ್ತಾಳೆಂದರೆ ನಿಮಗೆ ಸೋಜಿಗವೆನಿಸೀತು. ನಾನು ವೈದ್ಯಳಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ನನಗೆ ನೆಂಟರಿದ್ದಾರೆ, ಹಳೆಯ ಶಿಷ್ಯರಿದ್ದಾರೆ. ಸೀಮಂತಕ್ಕೆಂದು, ನಾಮಕರಣಕ್ಕೆಂದು ಆ ಮನೆಗಳಿಗೆ ಹೋಗಿ ಬರುವಾಗ ಒಂದು ಸಂಗತಿಯನ್ನು ಕಂಡಿದ್ದೇನೆ. ಬಸುರಿ ಹೆಂಗಸಿನ ಮುಖವನ್ನು ಮನೆಯವರೂ ನೆರೆಯವರೂ ಓದುತ್ತಾರೆ, ಅದಕ್ಕೆ ಅರ್ಥ ಹೇಳುತ್ತಾರೆ. ಆ ಮುಖ ನೋಯುತ್ತಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಅಣ್ಣನ ಮಗಳು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗೆ ಸೊಸೆಯಾಗಿ ಹೋದವಳು. ಚೊಚ್ಚಲ ಬಸುರಿ. ನಾಲ್ಕನೆಯ ತಿಂಗಳು ತುಂಬಿತ್ತು. ಹತ್ತಿರದ ನೆಂಟರ ಮದುವೆಗೂ ಬರಲಿಲ್ಲವೆಂದು ನಾನೇ ನೋಡಲು ಹೋದೆ. ಸಂಜೆಯ ಹೊತ್ತು, ನಡುಮನೆಯ ಕೋಣೆಯಲ್ಲಿ ಮುಖಕ್ಕೆ ಸೆರಗು ಮರೆಮಾಡಿಕೊಂಡು ಕುಳಿತಿದ್ದಳು. "ಅತ್ತೆ, ಲೈಟು ಹಾಕ್ಬೇಡಿ" ಎಂದಳು. ನಾನು ಹಾಕಿದೆ. ಕೆನ್ನೆ, ಗದ್ದ, ಕುತ್ತಿಗೆಯವರೆಗೂ ಕೆಂಪಾದ ಗಂಟುಗಳು. ಕೆಲವು ಕೀವುಗಟ್ಟಿದ್ದುವು. ರಾತ್ರಿ ಮಗ್ಗುಲು ಬದಲಿಸಿದರೆ ದಿಂಬು ತಗುಲಿ ನೋಯುತ್ತದೆ ಎಂದಳು. ಹೊರಗೆ ಜಗುಲಿಯ ಮೇಲೆ ಅವಳ ಅತ್ತೆ ನನಗೆ ಕಾಫಿ ಕೊಡುತ್ತ, "ಹೆಣ್ಣೇ ಆಗೋದು ಬಿಡಿ, ಮೊಖ ನೋಡಿದ್ರೆ ಗೊತ್ತಾಗಲ್ವೆ" ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು, ಕೇಳಿ ಬಂದ ಮಾತು. ಆದರೆ ಒಳಗಿನ ಕೋಣೆಗೂ ಅದು ಕೇಳಿಸುತ್ತಿತ್ತು.

ಅವಳ ದಿಂಬಿನ ಕೆಳಗೆ ಒಂದು ಮುಲಾಮಿನ ಟ್ಯೂಬು ಇತ್ತು. ಪೇಟೆಯ ಔಷಧದ ಅಂಗಡಿಯಲ್ಲಿ "ಮುಖಕ್ಕೆ ಒಳ್ಳೆಯದು" ಎಂದು ಕೊಟ್ಟದ್ದು. ವೈದ್ಯರ ಚೀಟಿ ಇರಲಿಲ್ಲ, ಬಸುರಿಯೇ ಎಂದು ಅಂಗಡಿಯವರು ಕೇಳಿಯೂ ಇರಲಿಲ್ಲ. ಕೇಳಿದ್ದರೂ ಹೇಳುತ್ತಿದ್ದಳೋ ಇಲ್ಲವೋ. ಮೊದಲ ವಾರ ಮುಖ ನುಣುಪಾಯಿತಂತೆ. ಆಮೇಲೆ ಬಿಟ್ಟ ದಿನವೇ ಉರಿ, ಕೆಂಪು, ಮೊದಲಿಗಿಂತ ಹೆಚ್ಚಿನ ಗುಳ್ಳೆ; ಆದ್ದರಿಂದ ಮತ್ತೆ ಹಚ್ಚುವುದು. ಕನ್ನಡಕ ಹಾಕಿಕೊಂಡು ಸಣ್ಣಕ್ಷರಗಳನ್ನು ಓದಿದೆ. ಅದರಲ್ಲಿ ಮೂರು ವಸ್ತುಗಳಿದ್ದುವು: ಒಂದು ಸ್ಟೀರಾಯ್ಡ್, ಒಂದು ಟ್ರೆಟಿನೊಯಿನ್, ಒಂದು ಹೈಡ್ರೋಕ್ವಿನೋನ್. ಆಗ ನನಗೆ ಈ ಹೆಸರುಗಳ ಅರ್ಥ ತಿಳಿಯದು. ಟ್ಯೂಬನ್ನೂ ಹುಡುಗಿಯನ್ನೂ ಕರೆದುಕೊಂಡು ಮೈಸೂರಿಗೆ ಬಂದೆ. ಅಲ್ಲಿ ಚರ್ಮದ ವೈದ್ಯರಿಂದ ಕೇಳಿ ತಿಳಿದದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಸುಶ್ರುತ ಸಂಹಿತೆ ಮೊಡವೆಯನ್ನು ಸಣ್ಣ ರೋಗಗಳ ಗುಂಪಿಗೆ ಸೇರಿಸಿ, ಬೂರುಗದ ಮರದ ಮುಳ್ಳಿಗೆ ಹೋಲಿಸುತ್ತದೆ. ಬೂರುಗದ ಕಾಂಡವನ್ನು ಕಂಡವರಿಗೆ ಆ ಹೋಲಿಕೆಯ ಸೊಗಸು ತಿಳಿದೀತು. ಆಯುರ್ವೇದದಲ್ಲಿ ಇದಕ್ಕೆ ಯೌವನಪಿಡಕೆ ಎಂಬ ಹೆಸರೂ ಉಂಟು. ಮೊಡವೆ ಹರೆಯದವರ ಸೊತ್ತು, ಮದುವೆಯಾದರೆ ಹೋಗುತ್ತದೆ ಎಂಬ ನಮ್ಮ ತಿಳಿವಳಿಕೆ ಈ ಹೆಸರಿನಷ್ಟೇ ಹಳೆಯದಾಗಿರಬೇಕು. ಇನ್ನು ಕಾವ್ಯಗಳ ಗರ್ಭಿಣಿಯೋ! ರಘುವಂಶದ ಸುದಕ್ಷಿಣೆಯ ಮುಖ ಬಿಳಿಚಿಕೊಂಡಿತೆಂದು ಕಾಳಿದಾಸ ಬಣ್ಣಿಸುತ್ತಾನೆ. ಅವಳು ಮಣ್ಣು ತಿಂದದ್ದನ್ನೂ ಮರೆಯದೆ ಹೇಳುತ್ತಾನೆ. ಆದರೆ ನಾನು ಪಾಠ ಹೇಳಿದ ಯಾವ ಕಾವ್ಯದಲ್ಲಿಯೂ ಮೊಡವೆ ಎದ್ದ ಗರ್ಭಿಣಿಯನ್ನು ಕಾಣಲಿಲ್ಲ. ಬಸುರಿಯ ಮುಖದಲ್ಲಿ ಕಳೆ ಇರಬೇಕು ಎಂಬುದು ನಮ್ಮ ನಿರೀಕ್ಷೆ. ಕಳೆಯ ಬದಲು ಕೀವು ತುಂಬಿದ ಗುಳ್ಳೆ ಬಂದರೆ ಅವಳು ತನ್ನಲ್ಲಿಯೇ ಏನೋ ತಪ್ಪಿದೆ ಎಂದುಕೊಳ್ಳುತ್ತಾಳೆ.

ತಪ್ಪೇನೂ ಇಲ್ಲ. ನಮ್ಮ ಚರ್ಮದ ಪ್ರತಿಯೊಂದು ರೋಮದ ಬುಡದಲ್ಲಿಯೂ ಜಿಡ್ಡನ್ನು ಒಸರಿಸುವ ಸಣ್ಣ ಗ್ರಂಥಿ ಇರುತ್ತದೆ. ಮುಖ, ಎದೆ, ಬೆನ್ನುಗಳಲ್ಲಿ ಇವು ದೊಡ್ಡವು. ಆಂಡ್ರೋಜೆನ್ ಎಂಬ ಹಾರ್ಮೋನುಗಳು ಇವನ್ನು ಕೆರಳಿಸುತ್ತವೆ. ಈ ಹಾರ್ಮೋನುಗಳು ಗಂಡಸರಲ್ಲಿರುವಂತೆ ಹೆಂಗಸರಲ್ಲಿಯೂ ಇವೆ. ಗರ್ಭ ನಿಂತ ಮೇಲೆ ಹಾರ್ಮೋನುಗಳ ಪ್ರಮಾಣವೇ ಬದಲಾಗುವುದರಿಂದ ಜಿಡ್ಡು ಹೆಚ್ಚುತ್ತದೆ. ಜಿಡ್ಡೂ ಸತ್ತ ಚರ್ಮದ ಕಣಗಳೂ ಸೇರಿ ರೋಮದ ರಂಧ್ರವನ್ನು ಮುಚ್ಚುತ್ತವೆ. ಚರ್ಮದ ಮೇಲೆ ಸದಾ ಇರುವ ಒಂದು ಬಗೆಯ ಬ್ಯಾಕ್ಟೀರಿಯಾ ಮುಚ್ಚಿದ ಆ ಕುಳಿಯಲ್ಲಿ ಬೆಳೆಯುತ್ತದೆ. ಸುತ್ತಲೂ ಊತ, ಕೆಂಪು, ಕೀವು. ಉರಿಯೂತ ಆಳಕ್ಕಿಳಿದರೆ ಗಂಟಾಗುತ್ತದೆ, ಗಂಟು ಮಾಗಿದರೆ ಕುಳಿಯೋ ಕಲೆಯೋ ಉಳಿಯುತ್ತದೆ. ಕೆಲವರಿಗೆ ಬಸುರಿನಲ್ಲಿ ಮೊಡವೆ ಕಡಿಮೆಯೇ ಆಗುವುದುಂಟು. ಮತ್ತೆ ಕೆಲವರಿಗೆ ಮೊದಲ ತಿಂಗಳುಗಳಲ್ಲಿ, ಇನ್ನು ಕೆಲವರಿಗೆ ಕೊನೆಯ ಮೂರು ತಿಂಗಳುಗಳಲ್ಲಿ ಹೆಚ್ಚುತ್ತದೆ. ಸಾಮಾನ್ಯವಾಗಿ ಹೆರಿಗೆಯ ನಂತರ ಇಳಿಯುತ್ತದೆ.

ಹಾಗಾದರೆ ಇದು ಹೆಣ್ಣು ಮಗುವಿನ ಕುರುಹೇ? ಅಲ್ಲ. ಮಗು ಹೆಣ್ಣೋ ಗಂಡೋ ಎಂಬುದು ಗರ್ಭ ಕಟ್ಟುವ ಗಳಿಗೆಯಲ್ಲಿಯೇ ತಂದೆಯಿಂದ ಬಂದ ಬೀಜಾಣುವಿನಿಂದ ತೀರ್ಮಾನವಾಗಿರುತ್ತದೆ. ತಾಯಿಯ ಕೆನ್ನೆಯ ಮೇಲೆ ಆ ತೀರ್ಮಾನದ ಯಾವ ಬರೆಹವೂ ಮೂಡುವುದಿಲ್ಲ. "ಹೆಣ್ಣು ಮಗು ತಾಯಿಯ ಅಂದ ಕಸಿಯುತ್ತದೆ" ಎಂಬ ಮಾತು ಕೇಳಲು ಹಗುರ. ಆದರೆ 1994ರಷ್ಟು ಹಿಂದೆಯೇ ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸಿ ಕಾನೂನು ಬಂದಿದ್ದರೂ, ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲ ಹೊರಬಿದ್ದದ್ದು 2023ರ ಕೊನೆಯ ತಿಂಗಳುಗಳಲ್ಲಿ. ಅಂಥ ಕಾಲದಲ್ಲಿ, ಅಂಥ ಸೀಮೆಯ ಪಕ್ಕದಲ್ಲಿ, ಮುಖ ನೋಡಿ ಹೆಣ್ಣೆಂದು ಸಾರುವ ಮಾತು ಹಗುರವಲ್ಲ. ಅದು ಬಸುರಿಯ ಎದೆಗೆ ಭಯವನ್ನು ಹಾಕುತ್ತದೆ. ಭಯಪಟ್ಟವಳು ಮುಖವನ್ನು ಮರೆಮಾಡುತ್ತಾಳೆ, ಗುಟ್ಟಾಗಿ ಮುಲಾಮು ತರಿಸುತ್ತಾಳೆ.

ಅಪಾಯವಿರುವುದು ಅಲ್ಲಿ. ಮೊಡವೆಯಿಂದ ಹೊಟ್ಟೆಯೊಳಗಿನ ಮಗುವಿಗೆ ಕೇಡಿಲ್ಲ. ಮೊಡವೆಗೆಂದು ತೆಗೆದುಕೊಂಡ ಕೆಲವು ಔಷಧಗಳಿಂದ ಕೇಡುಂಟು. ಮೊದಲನೆಯದು ಐಸೊಟ್ರೆಟಿನೊಯಿನ್ ಎಂಬ ಗುಳಿಗೆ. 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈ ಮದ್ದು ತೀವ್ರ ಮೊಡವೆಗೆ ರಾಮಬಾಣವೆನಿಸಿತು. ಆದರೆ ಬಸುರಿಯರು ಸೇವಿಸಿದರೆ ಮಗುವಿನ ಕಿವಿ, ಮುಖ, ಹೃದಯ, ಮಿದುಳುಗಳಿಗೆ ಊನವಾಗುತ್ತದೆಂಬುದು 1985ರ ವೈದ್ಯಕೀಯ ವರದಿಯಿಂದ ಖಚಿತವಾಯಿತು. ಬಸುರಿನಲ್ಲಿ ಇದನ್ನು ಮುಟ್ಟಬಾರದು. ಮೊದಲೇ ಸೇವಿಸುತ್ತಿದ್ದವರು ನಿಲ್ಲಿಸಿದ ಮೇಲೆ ಕಡೆಯಪಕ್ಷ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಮದುವೆಗೆ ಮುಂಚೆ ಮುಖ ತಿಳಿಯಾಗಲೆಂದು ಈ ಗುಳಿಗೆ ನುಂಗುವ ಹುಡುಗಿಯರ ತಾಯಂದಿರು ಈ ಮಾತನ್ನು ನೆನಪಿಡಬೇಕು. ಎರಡನೆಯದು ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಮೊದಲಾದ ಟೆಟ್ರಾಸೈಕ್ಲಿನ್ ವರ್ಗದ ಮಾತ್ರೆಗಳು. ನಾಲ್ಕನೆಯ ತಿಂಗಳು ಕಳೆದ ಮೇಲೆ ಇವು ಮಗುವಿನ ಬೆಳೆಯುವ ಹಲ್ಲಿಗೂ ಮೂಳೆಗೂ ಸೇರಿಕೊಂಡು ಹಲ್ಲಿನ ಬಣ್ಣ ಕೆಡಿಸುತ್ತವೆ. ಮೂರನೆಯದು ಸ್ಪೈರೊನೊಲ್ಯಾಕ್ಟೋನ್; ಗಂಡು ಭ್ರೂಣದ ಬೆಳವಣಿಗೆಗೆ ಇದು ಅಡ್ಡಿಯಾದೀತೆಂಬ ಕಾರಣದಿಂದ ಬಸುರಿನಲ್ಲಿ ಕೊಡುವುದಿಲ್ಲ.

ಹಚ್ಚುವ ಮದ್ದುಗಳಲ್ಲಿ ಟ್ರೆಟಿನೊಯಿನ್, ಅಡಪಲೀನ್ ಎಂಬವನ್ನು ಬಿಡಬೇಕು. ಇವು ಬೇರೆ ಮದ್ದುಗಳ ಜೊತೆ ಬೆರೆತು ಒಂದೇ ಟ್ಯೂಬಿನಲ್ಲಿ ಬರುವುದರಿಂದ ಹೊರಗಿನ ದೊಡ್ಡ ಹೆಸರನ್ನಷ್ಟೆ ನೋಡಿದರೆ ತಿಳಿಯುವುದಿಲ್ಲ. ಹೈಡ್ರೋಕ್ವಿನೋನ್ ಚರ್ಮದ ಮೂಲಕ ಹೆಚ್ಚಾಗಿ ಮೈಗೆ ಸೇರುವುದರಿಂದ ಅದೂ ಬೇಡ. ಸ್ಟೀರಾಯ್ಡ್ ಮುಲಾಮು ಮೊದಲು ಕೆಂಪನ್ನು ಅಡಗಿಸಿ, ಆಮೇಲೆ ತಾನೇ ಮೊಡವೆ ಎಬ್ಬಿಸುತ್ತದೆ. ಚರ್ಮವನ್ನು ತೆಳುವಾಗಿಸಿ ತನಗೇ ಅಂಟಿಕೊಳ್ಳುವಂತೆ ಮಾಡುತ್ತದೆ. ಭಾರತ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದೆಲ್ಲ ಅಂಗಡಿಯ ಗಾಜಿನ ಬೀರುವಿನಲ್ಲಿ ಬೀಗದೊಳಗಿರುವುದಿಲ್ಲವೆಂಬುದನ್ನು ನಮ್ಮ ಹುಡುಗಿಯ ದಿಂಬೇ ಹೇಳಿತು.

ತಿಳಿಯದೆ ಇಂಥ ಮುಲಾಮು ಹಚ್ಚಿಕೊಂಡವರು ದಿಗಿಲು ಬೀಳಬೇಕಾಗಿಲ್ಲ. ಮುಖಕ್ಕೆ ಹಚ್ಚಿದ ಟ್ರೆಟಿನೊಯಿನ್ ರಕ್ತಕ್ಕೆ ಸೇರುವುದು ತೀರ ಅಲ್ಪ. ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿದರೆ ಸಾಕು. ಸ್ಟೀರಾಯ್ಡನ್ನು ಬಹುದಿನ ಹಚ್ಚಿದ್ದರೆ ಬಿಡುವ ಕ್ರಮವನ್ನು ಅವರೇ ಹೇಳುತ್ತಾರೆ. ಭಯದಿಂದ ಗರ್ಭವನ್ನೇ ಕಳೆದುಕೊಳ್ಳುವ ಯೋಚನೆಗೆ ಯಾರೂ ಇಳಿಯಬಾರದು. ಗುಳಿಗೆಯನ್ನು ನುಂಗಿದ್ದರೆ ಮಾತ್ರ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಹಾಗೆಂದು ಬಸುರಿ ಸುಮ್ಮನೆ ನೋವನ್ನು ನುಂಗಿಕೊಂಡಿರಬೇಕೆಂದೂ ಅಲ್ಲ. ಬಸುರಿನಲ್ಲಿಯೂ ಬಳಸಬಹುದಾದ ಮದ್ದುಗಳಿವೆ. ಅಜೆಲೈಕ್ ಆಮ್ಲ, ಬೆಂಜಾಯಿಲ್ ಪೆರಾಕ್ಸೈಡ್, ಕ್ಲಿಂಡಮೈಸಿನ್ ಇವನ್ನು ಹಚ್ಚಲು ಕೊಡುತ್ತಾರೆ. ಗಂಟುಗಳೆದ್ದ ತೀವ್ರ ಮೊಡವೆಗೆ ಅಜಿಥ್ರೊಮೈಸಿನ್, ಸೆಫಲೆಕ್ಸಿನ್ ಮುಂತಾದ ಮಾತ್ರೆಗಳನ್ನು ಕೆಲವು ಕಾಲ ಕೊಡುವುದುಂಟು. ಯಾವುದು, ಎಷ್ಟು, ಎಂದಿನವರೆಗೆ ಎಂಬುದನ್ನು ಹೇಳುವವರು ವೈದ್ಯರು. ಈ ಹೆಸರುಗಳನ್ನು ಕೇಳಿ ಅಂಗಡಿಗೆ ಹೋಗಬೇಡಿರೆಂದು ಬೇಡುತ್ತೇನೆ. ಕೇಳುವುದಕ್ಕೆ ದಾರಿಗಳಿವೆ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುವ ಏರ್ಪಾಡು 2016ರಿಂದ ಇದೆ. ತಾಯಿ ಕಾರ್ಡು ಹಿಡಿದು ಹೋದಾಗ ರಕ್ತದೊತ್ತಡ, ತೂಕಗಳ ಜೊತೆಗೆ ಮುಖದ ಮಾತನ್ನೂ ಆಡಬೇಕು. ಕೋಟೆಯ ಕಾಡಂಚಿನ ಹಾಡಿಗಳಿಂದ ಮೈಸೂರಿನ ಚರ್ಮವೈದ್ಯರವರೆಗೆ ಬರುವುದು ಒಂದು ದಿನದ ಕೂಲಿಯನ್ನು ಬಿಟ್ಟಂತೆ. ಆದ್ದರಿಂದ ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಅಗತ್ಯವಿದ್ದರೆ ಅಲ್ಲಿಂದ ಮುಂದಕ್ಕೆ ಹೋಗುವುದು ಸುಲಭ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ದಿನಕ್ಕೆ ಎರಡು ಸಲ ಮೆತ್ತನೆಯ ಸಾಬೂನಿನಿಂದ ಮುಖ ತೊಳೆದರೆ ಸಾಕು. ಕಡಲೆಹಿಟ್ಟಿನಿಂದ ಗಸಗಸನೆ ಉಜ್ಜುವುದು, ನಿಂಬೆರಸ ಸವರುವುದು, ಹಲ್ಲಿನ ಪೇಸ್ಟು ಮೆತ್ತುವುದು ಗಾಯವನ್ನು ಹೆಚ್ಚಿಸುತ್ತವೆ. ಉಗುರಿನಿಂದ ಹಿಸುಕಿದರೆ ಕಲೆ ಉಳಿಯುತ್ತದೆ. ತಂಪಾಗಲೆಂದು ಹಿರಿಯರು ತಲೆಗೆ ಧಾರಾಳವಾಗಿ ಒತ್ತುವ ಹರಳೆಣ್ಣೆ ಹಣೆಗೆ ಇಳಿದರೆ ಅಲ್ಲಿಯೂ ರಂಧ್ರಗಳು ಮುಚ್ಚುತ್ತವೆ.

ಹೊಗೆಸೊಪ್ಪಿನ ಸೀಮೆಯ ಹೆಂಗಸರಿಗೆ ಇನ್ನೊಂದು ಮಾತು. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಲ್ಲಿ ಹಸಿ ಎಲೆಯನ್ನು ಮುರಿದು ತಂದು ಕಡ್ಡಿಗೆ ಕಟ್ಟುವ ಕೆಲಸ ಬಹುಮಟ್ಟಿಗೆ ಹೆಂಗಸರ ಕೈಯದು. ಎಲೆಯ ಅಂಟು, ಬೆವರು, ಬ್ಯಾರನ್ನಿನ ಕಾವು ಮುಖಕ್ಕೆ ಒಳ್ಳೆಯವಲ್ಲವೆಂಬುದು ಸಣ್ಣ ಸಂಗತಿ. ತೇವದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆಂಬುದು ದೊಡ್ಡ ಸಂಗತಿ. ಬಸುರಿಯನ್ನು ಆ ಕೆಲಸದಿಂದ ಬಿಡಿಸುವುದು ಮನೆಯವರ ಕರ್ತವ್ಯ.

ಊಟದ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕ. ಮೊಡವೆ ಕಂಡೊಡನೆ "ಉಷ್ಣ" ಎಂದು ಮೊಟ್ಟೆ, ಕಡಲೆಕಾಯಿ ನಿಲ್ಲಿಸುತ್ತಾರೆ. ಅದಕ್ಕಿಂತ ಮಿಗಿಲಾಗಿ, ಸರ್ಕಾರದವರು ಕೊಡುವ ಕಬ್ಬಿಣದ ಮಾತ್ರೆಯೂ ಉಷ್ಣವೆಂದು ಕಸಕ್ಕೆಸೆಯುತ್ತಾರೆ. ನಮ್ಮ ಹುಡುಗಿಯೂ ಹಾಗೆಯೇ ಮಾಡಿದ್ದಳು. ಮೊಡವೆ ಹೆರಿಗೆಯ ಮೇಲೆ ಇಳಿದೀತು. ರಕ್ತ ಕಡಿಮೆಯಾದ ತಾಯಿಗೆ ಹೆರಿಗೆಯೇ ಕಂಟಕವಾದೀತು. ಆ ಮಾತ್ರೆಯನ್ನು ನಿಲ್ಲಿಸಕೂಡದು.

ಮತ್ತೊಂದು ಎಚ್ಚರಿಕೆ. ಎಲ್ಲ ಗುಳ್ಳೆಯೂ ಮೊಡವೆಯಲ್ಲ. ಜ್ವರದೊಡನೆ ಮೈತುಂಬ ಕೀವುಗುಳ್ಳೆ ಎದ್ದರೆ, ಅಂಗೈ ಅಂಗಾಲುಗಳಲ್ಲಿ ತಡೆಯಲಾರದ ನವೆ ಬಂದರೆ, ಮುಖ ಊದಿ ತಲೆನೋವು ಬಂದು ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಮ್ಮ ಹುಡುಗಿಯ ಕತೆಯನ್ನು ಮುಗಿಸುತ್ತೇನೆ. ವೈದ್ಯರು ಹಳೆಯ ಮುಲಾಮನ್ನು ಬಿಡಿಸಿದರು. ಮೂರು ವಾರ ಮುಖ ಇನ್ನೂ ಕೆರಳಿತು. ಅದು ಹಾಗೆಯೇ ಎಂದು ಅವರು ಮೊದಲೇ ಹೇಳಿದ್ದರಿಂದ ತಾಳಿಕೊಂಡಳು. ಏಳನೆಯ ತಿಂಗಳ ಹೊತ್ತಿಗೆ ಗಂಟುಗಳು ಆರಿದ್ದುವು, ಕಲೆಗಳಿದ್ದುವು. ಸೀಮಂತದ ದಿನ ಹಸೆಯ ಮೇಲೆ ಮುಖವೆತ್ತಿಯೇ ಕುಳಿತಳು. ಅವಳ ಅತ್ತೆಯನ್ನೂ ಒಂದು ಸಲ ತಪಾಸಣೆಗೆ ಕರೆದೊಯ್ದಿದ್ದೆ. ವೈದ್ಯರ ಮಾತು ಕೇಳಿ ಬಂದ ಮೇಲೆ ಆ ಮನೆಯಲ್ಲಿ "ಮೊಖ ನೋಡಿದ್ರೆ ಗೊತ್ತಾಗಲ್ವೆ" ಎಂಬ ಮಾತು ನಿಂತಿತು. ಸೊಸೆಗೆ ರಾತ್ರಿ ಮಾತ್ರೆ ಕೊಡುವವರೂ ಈಗ ಅವರೇ ಆದರು.

ಮಗು ಆರೋಗ್ಯವಾಗಿ ಹುಟ್ಟಿತು. ಹೆಣ್ಣೋ ಗಂಡೋ ಎಂದು ನೀವು ಕೇಳಬಹುದು. ಹೆಣ್ಣೆಂದರೆ ಆ ನಂಬಿಕೆ ನಿಜವಾಯಿತೆನ್ನುತ್ತೀರಿ, ಗಂಡೆಂದರೆ ಹೇಗೋ ತಪ್ಪಿತೆನ್ನುತ್ತೀರಿ. ಆದ್ದರಿಂದ ಹೇಳುವುದಿಲ್ಲ. ಈಗ ಶಾಲೆಗೆ ಹೋಗುತ್ತಿದೆ, ಕಾಗುಣಿತ ಕಲಿಯುತ್ತಿದೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಸೆರಗು ಮರೆಮಾಡಿಕೊಂಡ ಬಸುರಿಯೊಬ್ಬಳು ಇದ್ದರೆ, ಮುಖ ನೋಡಿ ಶಕುನ ಹೇಳುವ ಮೊದಲು "ನೋಯುತ್ತಿದೆಯೇನಮ್ಮ?" ಎಂದು ಕೇಳಿರಿ. ಆಮೇಲೆ, ಏನು ಹಚ್ಚುತ್ತಿದ್ದೀಯೆ, ತೋರಿಸು ಎನ್ನಿರಿ.