ಗುಜರಾತದ ಚಳಿಗಾಲದಲ್ಲಿ ನಮ್ಮ ಸಂಸಾರ

ದೀಪಾವಳಿ ಕಳೆದು ಕಾರ್ತೀಕ ಮುಗಿಯುತ್ತ ಬಂದಂತೆ, ಸಂಜೆ ನಮ್ಮ ವಾಚನಾಲಯಕ್ಕೆ ಬರುವ ಹೊಸಬರ ಬಾಯಿಂದ ಒಂದು ಮಾತು ಪ್ರತಿವರ್ಷವೂ ಕೇಳಿಬರುತ್ತದೆ: "ಗುಜರಾತ ಬಿಸಿಲಿನ ನಾಡು ಎಂದು ತಿಳಿದು ಬಂದೆವು, ಈ ಚಳಿಯ ವಿಷಯ ಯಾರೂ ಹೇಳಲಿಲ್ಲವಲ್ಲ!" ಹೀಗೆ ಹೇಳುವವರು ಹೆಚ್ಚಾಗಿ ಮಂಗಳೂರು, ಉಡುಪಿಯ ಕಡೆಯವರು. ವಿಜಯಪುರ, ಬೀದರದವರು ಅವರನ್ನು ನೋಡಿ ನಗುತ್ತಾರೆ. ಆದರೆ ಮಾರ್ಗಶಿರ ದಾಟಿ ಪುಷ್ಯ ಬಂತೆಂದರೆ ನಕ್ಕವರೂ ಮಫ್ಲರು ಸುತ್ತಿಕೊಂಡೇ ಪತ್ರಿಕೆ ಓದಲು ಕೂಡುತ್ತಾರೆ.

ಸಂಸಾರವನ್ನು ಕರೆತಂದವರಿಗೂ, ನಾಲ್ಕೈದು ಜನ ಸೇರಿ ಒಂದು ಕೋಣೆಯಲ್ಲಿ ಇರುವವರಿಗೂ ಉಪಯೋಗವಾಗಲೆಂದು, ಅಹಮದಾಬಾದ, ವಡೋದರಾ, ಸೂರತ್ತುಗಳ ಚಳಿಗಾಲದಲ್ಲಿ ಮನೆ ನಡೆಸುವ ಬಗೆಯನ್ನು ನಾವು ಕಂಡಷ್ಟು ಇಲ್ಲಿ ಹೇಳುತ್ತೇವೆ. ಹೇಳಬೇಕಾದ ಮುಖ್ಯ ಮಾತು ಕೊನೆಯಲ್ಲಿದೆ. ಅವಸರವಿದ್ದವರು ಅದೊಂದನ್ನಾದರೂ ಓದದೆ ಹೋಗಬಾರದೆಂದು ನಮ್ಮ ವಿನಂತಿ.

ಈ ಚಳಿಯ ಬಗೆ

ಅಂಕಿಗಳನ್ನು ನೋಡಿದರೆ ಈ ಚಳಿ ದೊಡ್ಡದೆನಿಸುವುದಿಲ್ಲ. ಜನವರಿಯಲ್ಲಿ ಅಹಮದಾಬಾದಿನ ಹಗಲಿನ ಉಷ್ಣತೆ ಸರಾಸರಿ 28 ಡಿಗ್ರಿಯವರೆಗೆ ಏರುತ್ತದೆ. ಬೆಂಗಳೂರಿನ ಹಗಲೂ ಹೆಚ್ಚುಕಡಿಮೆ ಅಷ್ಟೇ. ಭೇದವಿರುವುದು ರಾತ್ರಿಯಲ್ಲಿ. ಬೆಂಗಳೂರಿನ ರಾತ್ರಿ ಸುಮಾರು 16ಕ್ಕೆ ನಿಂತರೆ ಅಹಮದಾಬಾದಿನದು 12ಕ್ಕೆ ಇಳಿಯುತ್ತದೆ. ಹಿಮಾಲಯದಲ್ಲಿ ಹಿಮ ಬಿದ್ದು ಉತ್ತರದ ಗಾಳಿ ತಿರುಗಿದ ದಿನಗಳಲ್ಲಿ 10ಕ್ಕಿಂತ ಕೆಳಗೂ ಹೋಗುತ್ತದೆ. ಮಂಗಳೂರಿನವರು ಜನವರಿಯಲ್ಲಿ ಕಂಡ ರಾತ್ರಿ ಸಾಮಾನ್ಯವಾಗಿ 21ರ ಆಸುಪಾಸಿನದು. ವಡೋದರಾ ಅಹಮದಾಬಾದಿಗೆ ಹತ್ತಿರ. ಸೂರತ್ತಿಗೆ ಕಡಲು ಸಮೀಪವಾದ್ದರಿಂದ ಅಲ್ಲಿಯ ರಾತ್ರಿ ಎರಡು ಮೂರು ಡಿಗ್ರಿ ಮೃದು.

ಒಂದೇ ದಿನದಲ್ಲಿ 16 ಡಿಗ್ರಿಯ ಏರಿಳಿತವನ್ನು ದೇಹ ತಾಳಿಕೊಳ್ಳಬೇಕೆಂಬುದೇ ಇಲ್ಲಿಯ ಕಷ್ಟ. ಗಾಳಿ ಒಣನೆಲದ ಮೇಲಿಂದ ಬರುವುದರಿಂದ ಅದರಲ್ಲಿ ತೇವವಿಲ್ಲ. ಸೂರ್ಯ ಮುಳುಗಿದೊಡನೆ ನೆಲ ತನ್ನ ಕಾವನ್ನು ಬೇಗನೆ ಬಿಟ್ಟುಕೊಡುತ್ತದೆ. ಮಧ್ಯಾಹ್ನ ಅಂಗಿ ಒಂದೇ ಸಾಕೆನಿಸಿ ಸ್ವೆಟರನ್ನು ಮನೆಯಲ್ಲಿಟ್ಟು ಹೋದವನು ರಾತ್ರಿ ಪಾಳಿ ಮುಗಿಸಿ ನಡುಗುತ್ತ ಬರುವುದು ಇದರಿಂದಲೇ. ತುಟಿ, ಹಿಮ್ಮಡಿ ಒಡೆಯುವುದೂ ಇದರಿಂದಲೇ. ಬಾಯಾರಿಕೆ ತೋರದಿದ್ದರೂ ನೀರು ಕುಡಿಯುತ್ತಿರಬೇಕು.

ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆ ಲೇಸು. ನಡುವೆ ಸಿಕ್ಕಿಕೊಂಡ ಗಾಳಿಯೇ ಕಾವನ್ನು ಹಿಡಿದಿಡುತ್ತದೆ. ಬಿಸಿಲೇರಿದಾಗ ಒಂದನ್ನು ತೆಗೆದಿಡಲೂ ಬರುತ್ತದೆ. ನಮ್ಮ ಉತ್ತರ ಕರ್ನಾಟಕದ ಕೌದಿಯ ಗುಟ್ಟೂ ಇದೇ. ಇಲ್ಲಿಯವರ ಗೋದಡಿ ಅದರ ತಂಗಿಯೇ ಸರಿ. ಊರಿನಿಂದ ಬರುವವರ ಕೈಯಲ್ಲಿ ಒಂದು ಕೌದಿ ತರಿಸಿಕೊಂಡರೆ ರಜಾಯಿಯ ಖರ್ಚು ಉಳಿಯಿತು. ಸ್ವೆಟರು ಬೇಕಾದವರು ಚಳಿಗಾಲದಲ್ಲಿ ಇಲ್ಲಿ ಅಂಗಡಿ ಹೂಡುವ ಟಿಬೇಟಿಯನರಲ್ಲಿಗೆ ಹೋಗಬಹುದು. ವ್ಯಾಪಾರಕ್ಕಿಂತ ಮೊದಲು ಕನ್ನಡದಲ್ಲಿ ಒಂದು ಮಾತಾಡಿ ನೋಡಿ: ಬೈಲಕುಪ್ಪೆಯಲ್ಲಿಯೋ ಮುಂಡಗೋಡದಲ್ಲಿಯೋ ಹುಟ್ಟಿ ಬೆಳೆದವರು ಸಿಕ್ಕಿದರೆ ನೀವೂ ಅವರೂ ಒಂದೇ ಊರ ಕಡೆಯವರಾಗುತ್ತೀರಿ!

ತಡವಾಗಿ ಬರುವ ಬೆಳಗು

ನಮ್ಮ ಹೆಂಗಸರು ಮೊದಲ ವರ್ಷ ಹೇಳುವ ದೂರು ಒಂದುಂಟು: "ಇಲ್ಲಿ ಬೆಳಗೇ ಆಗುವುದಿಲ್ಲ." ಇದು ಬರೀ ಸೋಮಾರಿತನದ ಮಾತಲ್ಲ. ಭಾರತಕ್ಕೆಲ್ಲ ಗಡಿಯಾರ ಒಂದೇ. ಆದರೆ ಅಹಮದಾಬಾದ ಬೆಂಗಳೂರಿಗಿಂತ ಐದು ರೇಖಾಂಶ ಪಡುವಣಕ್ಕಿದೆ, ಹತ್ತು ಅಕ್ಷಾಂಶ ಬಡಗಣಕ್ಕಿದೆ. ಸಂಕ್ರಾಂತಿಯ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6-45ಕ್ಕೆ, ಧಾರವಾಡದಲ್ಲಿ 7ಕ್ಕೆ, ಅಹಮದಾಬಾದಿನಲ್ಲಿ 7-20 ದಾಟಿದ ಮೇಲೆ. ಸೂರ್ಯಾಸ್ತ ಮಾತ್ರ ಬೆಂಗಳೂರಿನಲ್ಲಿಯೂ ಇಲ್ಲಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಎಂದರೆ ಕಳೆದುಹೋದ ಅರ್ಧ ಗಂಟೆಯೆಲ್ಲ ಬೆಳಗಿನದೇ. ದಿನದ ಅತಿ ತಣ್ಣನೆಯ ಹೊತ್ತು ಸೂರ್ಯೋದಯದ ಆಸುಪಾಸಿನದು. ಬೆಳಗಿನ ಪಾಳಿಯ ಮಕ್ಕಳು ಶಾಲೆಗೆ ಹೊರಡುವುದೂ, ಕಾರಖಾನೆಯ ಮೊದಲ ಪಾಳಿಯವರು ಬಸ್ಸಿಗೆ ಕಾಯುವುದೂ ಅದೇ ಹೊತ್ತಿನಲ್ಲಿ.

ಆದುದರಿಂದ ಬೆಳಗಿನ ಕೆಲಸದ ಅರ್ಧವನ್ನು ಹಿಂದಿನ ಸಂಜೆಯೇ ಮುಗಿಸಿಡುವುದು ಇಲ್ಲಿಯ ಗೃಹಿಣಿಯರ ಪದ್ಧತಿ. ಮಕ್ಕಳ ಸ್ನಾನವನ್ನು ಬೆಳಿಗ್ಗೆ ಆರಕ್ಕೇ ಆಗಲೇಬೇಕೆಂದು ಹಟ ಹಿಡಿಯದೆ, ಶಾಲೆಯಿಂದ ಬಂದ ಮೇಲೆ ಬಿಸಿಲಿನಲ್ಲಿ ಮಾಡಿಸಿದರೆ ಮಡಿಗೇನೂ ಭಂಗವಿಲ್ಲ. ಶಾಲೆಯ ಬಣ್ಣದ ಸ್ವೆಟರನ್ನೇ ತೊಡಬೇಕೆಂದು ಮಕ್ಕಳನ್ನು ಒತ್ತಾಯಿಸದಿರುವಂತೆ ರಾಜ್ಯದ ಶಿಕ್ಷಣ ಇಲಾಖೆಯು 2023ರಲ್ಲಿ ಶಾಲೆಗಳಿಗೆ ಸೂಚಿಸಿತ್ತು. ಮನೆಯಲ್ಲಿ ಇರುವ ಬೆಚ್ಚನೆಯ ಬಟ್ಟೆ ಯಾವುದಾದರೂ ಆಗಲಿ, ಮಗುವಿಗೆ ಹಾಕಿ ಕಳಿಸಲು ಸಂಕೋಚ ಬೇಡ. ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರಿಗೆ ಬೆಳಗಿನ ಚಳಿ ಹಗೆ. ಅವರ ತಿರುಗಾಟ ಬಿಸಿಲು ಬಂದ ಮೇಲೆ ಆಗಲಿ.

ಅಡಿಗೆಮನೆಯ ಮಾತು

ಚಳಿ ಬಂದ ಸುದ್ದಿ ಮೊದಲು ತಿಳಿಯುವುದು ಕೊಬ್ಬರಿ ಎಣ್ಣೆಯ ಶೀಸೆಯಿಂದ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಕೆಟ್ಟಿತೆಂದು ಚೆಲ್ಲಬಾರದು, ಅಗಲ ಬಾಯಿಯ ಡಬ್ಬಿಗೆ ಹಾಕಿ ಹಗಲು ಬಿಸಿಲಿಗಿಟ್ಟರೆ ತಾನೇ ಕರಗುತ್ತದೆ.

ಎರಡನೆಯ ಸುದ್ದಿ ದೋಸೆ ಹಿಟ್ಟಿನಿಂದ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಇಟ್ಟಲ್ಲಿಯೇ ಕಲ್ಲಿನಂತೆ ಕೂತಿರುತ್ತದೆ. ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳಿಗೆ 30 ಡಿಗ್ರಿಯ ಹತ್ತಿರದ ಕಾವು ಹಿತ. 12ರಲ್ಲಿ ಅವು ಮಲಗಿಬಿಡುತ್ತವೆ. ಅಕ್ಕಿ ಉದ್ದು ನೆನೆಸುವಾಗ ಒಂದು ಚಮಚ ಮೆಂತ್ಯ ಸೇರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ರಾತ್ರಿಯ ಬದಲು ಮಧ್ಯಾಹ್ನವೇ ಮುಗಿಸಿ, ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಅಕ್ಕಿಯ ಡಬ್ಬಿಯೊಳಗೆ ಇಟ್ಟರೆ ಮರುದಿನ ಬೆಳಿಗ್ಗೆ ಇಡ್ಲಿ ಮೆತ್ತಗೆ ಬರುತ್ತದೆ. ಒಲೆಯ ಮೇಲೆ ಬೆಚ್ಚಗೆ ಮಾಡಲು ಹೋದರೆ ತಳ ಬೆಂದು ಹಿಟ್ಟು ಹಾಳಾಗುತ್ತದೆ. ಮೊಸರಿಗೂ ಹಾಗೆಯೇ: ಹಾಲು ಬೇಸಿಗೆಗಿಂತ ಬೆಚ್ಚಗಿರಬೇಕು, ಹೆಪ್ಪು ತುಸು ಹೆಚ್ಚಿರಬೇಕು, ಪಾತ್ರೆಗೆ ಹೊದಿಕೆ ಬೇಕು.

ಆದರೂ ದಿನವೂ ದೋಸೆಯೊಡನೆ ಹೋರಾಡುವುದಕ್ಕಿಂತ ಈ ನಾಡಿನ ಚಳಿಗಾಲದ ಊಟವನ್ನು ಕಲಿಯುವುದು ಜಾಣತನ. ಕಲಿಯುವುದೂ ಅಷ್ಟೇನಿಲ್ಲ, ಹೆಸರು ಬೇರೆ, ವಸ್ತು ನಮ್ಮದೇ. ಇಲ್ಲಿಯ ಬಾಜರಾ ರೋಟಲೊ ನಮ್ಮ ಸಜ್ಜೆ ರೊಟ್ಟಿ. ಗುಂದರ್ ಪಾಕ್ ಎಂಬುದು ಬಾಣಂತಿಯರಿಗೆ ಕಟ್ಟುವ ನಮ್ಮ ಅಂಟಿನುಂಡೆಯ ಬಳಗ. ಅಡದಿಯಾ ಉದ್ದಿನ ಹಿಟ್ಟಿಗೆ ತುಪ್ಪ, ಸಕ್ಕರೆ, ಅಂಟು, ಶುಂಠಿ ಹಾಕಿ ಮಾಡುವ ಸಿಹಿ. ಸೂರತ್ತಿನಲ್ಲಿ ತಾಪಿ ನದಿಯ ದಂಡೆಯ ಮೇಲೆ ಮಾರುವ ಪೋಂಕ್ ಕಂಡು ರಾಯಚೂರು, ಗದಗದ ಕಡೆಯವರು ಕಣ್ಣರಳಿಸುತ್ತಾರೆ: ಎಳೆಯ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿಯೇ ಅದು! ನಾವು ಬೆಲ್ಲ, ಪುಟಾಣಿ, ಕೊಬ್ಬರಿಯ ಜೊತೆ ತಿನ್ನುತ್ತೇವೆ; ಅವರು ಸೇವು ಉದುರಿಸಿ, ನಿಂಬೆ ಹಿಂಡಿ ತಿನ್ನುತ್ತಾರೆ. ಇನ್ನು ಊಂಧಿಯು. ಮಡಕೆಯನ್ನು ತಲೆಕೆಳಗಾಗಿಟ್ಟು ಬೇಯಿಸುತ್ತಿದ್ದ ಪಲ್ಯವಾದ್ದರಿಂದ ಅದಕ್ಕೆ ಆ ಹೆಸರು. ಅದರೊಳಗಿನ ಸೂರತಿ ಪಾಪಡಿ ನಮ್ಮ ಅವರೆಕಾಯಿಯ ಜಾತಿಯದೇ ಕಾಯಿ. ಹಳೆ ಮೈಸೂರಿನವರು ಅವರೆಯ ಸೊಗಡನ್ನು ನೆನೆದು ನಿಟ್ಟುಸಿರು ಬಿಡಬೇಕಾಗಿಲ್ಲ.

ಸಂಕ್ರಾಂತಿಯ ದಿನ ಇಲ್ಲಿಯ ಮನೆಮಂದಿಯೆಲ್ಲ ಮಾಳಿಗೆಯ ಮೇಲಿರುತ್ತಾರೆ. ಜನವರಿ 14 ಉತ್ತರಾಯಣ, 15 ವಾಸಿ ಉತ್ತರಾಯಣ. ನಮ್ಮ ಎಳ್ಳುಬೆಲ್ಲ, ಅವರ ಎಳ್ಳಿನ ಚಿಕ್ಕಿ ಅಲ್ಲಿಯೇ ಅದಲುಬದಲಾಗುತ್ತವೆ. ಆ ದಿನಗಳಲ್ಲಿ ಸ್ಕೂಟರು ನಡೆಸುವವರು ಕೊರಳಿಗೆ ಮಫ್ಲರು ಸುತ್ತಿಕೊಳ್ಳಲಿ, ಮಕ್ಕಳನ್ನು ಮುಂದೆ ನಿಲ್ಲಿಸಿಕೊಳ್ಳದಿರಲಿ; ಗಾಜಿನ ಪುಡಿ ಹಚ್ಚಿದ ಗಾಳಿಪಟದ ದಾರ ಕೊರಳನ್ನು ಕೊಯ್ಯುತ್ತದೆ.

ಬೆಂಕಿ ಮತ್ತು ಗಾಳಿ

ಈಗ ಮುಖ್ಯ ಮಾತು. ಊರಿನ ನಮ್ಮ ಬಚ್ಚಲುಮನೆಯನ್ನು ನೆನೆಸಿಕೊಳ್ಳಿರಿ. ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು. ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು. ಆದರೆ ಹಂಚಿನ ಸಂದಿಯಿಂದ, ಗವಾಕ್ಷಿಯಿಂದ, ಬಾಗಿಲ ಕೆಳಗಿನಿಂದ ಗಾಳಿ ಆಡುತ್ತಲೇ ಇತ್ತು. ನಗರದ ಫ್ಲಾಟಿನ ಬಚ್ಚಲಿಗೆ ಗೋಡೆಯ ತುಂಬ ಟೈಲ್ಸು, ಮೇಲೆ ಕಾಂಕ್ರೀಟು, ಒಂದು ಗೇಣಿನ ಕಿಟಕಿ. ಅದರೊಳಗೆ ಗ್ಯಾಸ್ ಗೀಸರು. ಸೌದೆಯ ಒಲೆಯಂತೆ ಅದೂ ಒಂದು ಬೆಂಕಿಯೇ ಎಂಬುದನ್ನು, ಹೊಗೆ ಕಾಣದ್ದರಿಂದ ನಾವು ಮರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವೂ ಮರೆತಿದ್ದೆವು. ಪುಷ್ಯದ ಒಂದು ಬೆಳಿಗ್ಗೆ. ಚಳಿ ಬರುತ್ತದೆಂದು ಬಚ್ಚಲಿನ ಕಿಟಕಿಯ ಸಂದಿಗೆ ಹಳೆಯ ಕನ್ನಡ ಪತ್ರಿಕೆಯ ಹಾಳೆಗಳನ್ನು ತುರುಕಿದವರು ನಾವೇ. ಹನ್ನೆರಡು ವರ್ಷದ ಮಗ ಸ್ನಾನಕ್ಕೆ ಹೋದ. ನೀರಿನ ಸದ್ದು ಕೇಳುತ್ತಲೇ ಇತ್ತು; ಕೂಗಿದರೆ ಉತ್ತರವಿಲ್ಲ. ನಮ್ಮ ಗಾಬರಿಯ ಕೂಗು ಕೇಳಿ ಪಕ್ಕದ ಮನೆಯ ಬಾ ಓಡಿಬಂದರು. ಬಾಗಿಲನ್ನು ಭುಜದಿಂದ ನೂಕಿದಾಗ ಚಿಲಕ ಕಿತ್ತು ಬಂತು. ಹುಡುಗ ಗೋಡೆಗೆ ಒರಗಿ ಕುಳಿತಿದ್ದ. ಕಣ್ಣು ಅರ್ಧ ಮುಚ್ಚಿತ್ತು. ನಾವು ಹೊದೆಸಲು ಕಂಬಳಿ ಹುಡುಕುತ್ತಿದ್ದರೆ, ಬಾ ಗೀಸರನ್ನು ಆರಿಸಿ, "ಮೊದಲು ಹೊರಗೆ, ಗಾಳಿಗೆ!" ಎಂದು ತಮ್ಮ ಭಾಷೆಯಲ್ಲಿ ಗದರಿಸಿ ಅವನನ್ನು ಮೊಗಸಾಲೆಗೆ ಎಳೆತರಿಸಿದರು. 108ರ ಗಾಡಿ ಬಂತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆಗೆ ಹುಡುಗ ಮನೆಗೆ ಬಂದ. ವೈದ್ಯರು ನಮ್ಮನ್ನು ಬೈಯಲಿಲ್ಲ, "ಬಚ್ಚಲಿಗೆ ಕಿಟಕಿ ಇದೆಯೇ?" ಎಂದಷ್ಟೇ ಕೇಳಿದರು. ಇದೆ ಎನ್ನಲು ನಮಗೆ ಬಾಯಿ ಬರಲಿಲ್ಲ.

ಇದರ ಕಾರಣ ಇಷ್ಟು. ಗಾಳಿ ಸಾಲದೆ ಉರಿಯುವ ಯಾವ ಬೆಂಕಿಯಿಂದಲೂ, ಅದು ಗ್ಯಾಸಿರಲಿ, ಇದ್ದಲಿರಲಿ, ಸೌದೆಯಿರಲಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಕೆಂಪು ವಸ್ತುವಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಸ್ಥಳವೇ ಇಲ್ಲವಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ತೂಕಡಿಕೆ ಇದರ ಲಕ್ಷಣಗಳು. ನೆಗಡಿ ಇರಬೇಕೆಂದು ಮಲಗಿದವರು ಏಳದೆ ಹೋಗಬಹುದು. ಮನೆಯ ಎಲ್ಲರಿಗೂ ಒಟ್ಟಿಗೇ ತಲೆ ನೋಯತೊಡಗಿದರೆ, ಹೊರಗೆ ಬಂದೊಡನೆ ಅದು ಇಳಿದರೆ, ಬೆಂಕಿಯ ಮೇಲೆಯೇ ಸಂಶಯಪಡಬೇಕು.

ಆದುದರಿಂದ ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿ ಆಡುವಲ್ಲಿ ಕೂಡಿಸಬೇಕು. ಬಾಡಿಗೆ ಮನೆಯಲ್ಲಿ ಅದು ಒಳಗೇ ಇದ್ದು ಬದಲಿಸಲು ಬಾರದಿದ್ದರೆ, ಬಾಗಿಲು ಕಿಟಕಿ ತೆರೆದಿಟ್ಟು ಬಕೀಟು ತುಂಬಿಸಿಕೊಂಡು, ಗೀಸರು ಆರಿಸಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆಯೇ ಸ್ನಾನಕ್ಕೆ ಹೋಗಬೇಕು. ಕರೆಂಟಿನ ಸಲಾಕೆಯಿಂದ ನೀರು ಕಾಯಿಸುವವರು ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಒಂದೇ ಕೋಣೆಯಲ್ಲಿ ಇರುವ ತಮ್ಮಂದಿರಿಗೆ ಬೇರೆಯಾಗಿ ಒಂದು ಮಾತು. ರಾತ್ರಿ ಕೆಲಸ ಮುಗಿಸಿ ಬಂದು, ಇದ್ದಲಿನ ಸಗಡಿಯನ್ನು ಕೋಣೆಯೊಳಗಿಟ್ಟು, ಬಾಗಿಲು ಮುಚ್ಚಿ ಮಲಗುವ ಅಭ್ಯಾಸ ಅಲ್ಲಲ್ಲಿ ಉಂಟು. ಕೆಂಡ ಹೊಗೆಯಾಡುವುದಿಲ್ಲವಾದ್ದರಿಂದ ಅದು ನಿರಪಾಯವೆಂದು ಭಾವಿಸುತ್ತಾರೆ. ಅದೇ ಹೆಚ್ಚು ಅಪಾಯಕಾರಿ. ಚಳಿ ಕಾಯಿಸಬೇಕಾದರೆ ಅಂಗಳದಲ್ಲಿ ಕಾಯಿಸಿರಿ. ಸಗಡಿಯನ್ನು ಹೊರಗೆ ಬಿಟ್ಟು ಬನ್ನಿರಿ. ಇದ್ದ ಹೊದಿಕೆಗಳನ್ನು ಜೋಡಿಸಿಕೊಂಡು ಮಲಗಿರಿ. ಯಾರಿಗಾದರೂ ತಲೆಸುತ್ತಿದರೆ ಬಾಗಿಲು ತೆರೆದು ಎಲ್ಲರೂ ಹೊರಗೆ ಬರಬೇಕು, 108ಕ್ಕೆ ಫೋನು ಮಾಡಬೇಕು. ಗುಜರಾತದಲ್ಲಿ 2007ರಿಂದ ಇರುವ ಈ ಗಾಡಿಗೆ ಹಣ ಕೊಡಬೇಕಾದುದಿಲ್ಲ; ಭಾಷೆ ಬಾರದಿದ್ದರೆ ನೆರೆಯವರನ್ನು ಎಬ್ಬಿಸಿರಿ. ಮನೆಗೆ ಹಣ ಕಳಿಸಲೆಂದು ಬಂದವರು ಒಂದು ರಾತ್ರಿಯ ಬೆಚ್ಚನೆಗಾಗಿ ಜೀವ ಕಳೆದುಕೊಳ್ಳಬಾರದು.

ನಮ್ಮ ಮನೆಯ ಬಚ್ಚಲಿನ ಕಿಟಕಿ ಈಗ ಪುಷ್ಯದಲ್ಲಿಯೂ ತೆರೆದಿರುತ್ತದೆ. ಮಗ ದೊಡ್ಡವನಾಗಿದ್ದಾನೆ, ಚಳಿ ಎಂದು ಗೊಣಗುತ್ತಾನೆ, ಆದರೆ ಮುಚ್ಚುವುದಿಲ್ಲ. ಹಳೆಯ ಪತ್ರಿಕೆಗಳನ್ನು ನಾವು ಈ ವಾಚನಾಲಯಕ್ಕೇ ತಂದುಕೊಡುತ್ತೇವೆ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆಂದು ಹಿರಿಯರು ಹೇಳುತ್ತಾರೆ. ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಹೋಗುತ್ತದೆ. ಅಲ್ಲಿಯವರೆಗೆ ಹೊದಿಕೆ ಹೆಚ್ಚಿರಲಿ, ಕಿಟಕಿ ತೆರೆದಿರಲಿ.